ಜಗುಲಿಗೆಷ್ಟು, ಬಚ್ಚಲಿಗೆಷ್ಟು?

ನಮ್ಮ ಕಡೆ ಮನೆಗೆ ಸೋಲಾರ್ ಹಾಕಿಸುವ ಮಾತು ಎದ್ದರೆ ಗಂಡಸರು ಮೊದಲು ಕೇಳುವುದು "ಎಷ್ಟು ವಾಟು?" ಅಂತ. ಎರಡನೆಯದು "ಟೀವಿ ನಡೀತದಾ?" ಅಂತ. ಬೆಳಕು ಎಲ್ಲಿಗೆ ಬೇಕು, ಯಾರಿಗೆ ಬೇಕು, ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವ ಎರಡನೇ ಲೋಟ ಚಾ ಮುಗಿಸಿ, ಅಡ್ವಾನ್ಸ್ ಕಿಸೆಗಿಳಿಸಿ, ಬೈಕು ಹತ್ತಿ ಹೋಗಿರುತ್ತಾನೆ. ಉಳಿಯುವುದು ನಾಲ್ಕು ದೀಪ ಮತ್ತು ಅವನ್ನು ಎಲ್ಲೆಲ್ಲಿ ನೇತುಹಾಕಬೇಕೆಂಬ ಮಹಾಭಾರತ.

ಇದು ಸಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಒಂಟಿ ಮನೆಗಳ ಕಥೆ. ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಕೆಲವು ಮನೆಗಳಿಗೆ ಕರೆಂಟಿನ ಕಂಬ ಬಂದದ್ದೇ ಇಲ್ಲ. ಬಂದ ಮನೆಗಳಲ್ಲೂ ಮಳೆಗಾಲದಲ್ಲಿ ಅದು ಬರಿಯ ಕಂಬ. ಗಾಳಿಗೆ ಒಂದು ಮತ್ತಿಮರ ತಂತಿಯ ಮೇಲೆ ಒರಗಿತೆಂದರೆ ಅದನ್ನು ಕಡಿದು, ತಂತಿ ಎಳೆದು, ದೀಪ ಹತ್ತುವಷ್ಟರಲ್ಲಿ ಇನ್ನೊಂದು ಮರ ಸರದಿಯಲ್ಲಿ ನಿಂತಿರುತ್ತದೆ. ಹಾಗಾಗಿ ಪೇಟೆಯವರು ತಾರಸಿ ಮೇಲೆ ಪ್ಯಾನೆಲ್ ಹಾಕಿಸಿ ವಾಟ್ಸಾಪ್‌ನಲ್ಲಿ ಫೋಟೋ ಹಂಚುವ ಎಷ್ಟೋ ಮೊದಲೇ ನಮ್ಮ ಹೆಂಚಿನ ಮಾಡಿನ ಮೇಲೆ ಸೋಲಾರ್ ಕೂತಾಗಿತ್ತು. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜೊತೆಗೂಡಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರು ಮಾಡಿದಾಗ, ಹಳ್ಳಿಯವರಿಗೆ ಸೋಲಾರ್ ಕೊಳ್ಳುವ ತಾಕತ್ತಿಲ್ಲ, ಕೊಂಡರೂ ನಿಭಾಯಿಸಲು ಬರುವುದಿಲ್ಲ ಎಂಬ ಮಾತು ಚಲಾವಣೆಯಲ್ಲಿತ್ತು. ಬ್ಯಾಂಕುಗಳು ಸಾಲ ಕೊಟ್ಟವು, ಹಳ್ಳಿಯವರು ಕಂತು ಕಟ್ಟಿದರು, 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜಗುಲಿ ಮೇಲಿನ ಜಗಳಕ್ಕೆ ಮಾತ್ರ ಯಾವ ಪ್ರಶಸ್ತಿಯೂ ಬರಲಿಲ್ಲ. ಬರಬೇಕಿತ್ತು.

ನಮ್ಮ ದೊಡ್ಡ ಭಾವನವರ ಪ್ರಕಾರ ಮನೆಯ ಅತಿ ದೊಡ್ಡ ದೀಪ ಇರಬೇಕಾದದ್ದು ಜಗುಲಿಯಲ್ಲಿ. "ನಾಲ್ಕು ಜನ ಬಂದು ಹೋಗುವ ಜಾಗ, ಕತ್ತಲಾಗಿ ಇಟ್ಟರೆ ಹೇಗೆ?" ಬಂದು ಹೋಗುವ ಆ ನಾಲ್ಕು ಜನ ಯಾರೆಂದು ನೋಡಿದರೆ ಸಂಜೆ ಇಸ್ಪೀಟಿಗೆ ಕೂರುವ ಅದೇ ನಾಲ್ಕು ಜನ. ಬಂದರೆ ಹೋಗುವವರಲ್ಲ. ಅಡಿಗೆಮನೆಗೆ ಅದಕ್ಕಿಂತ ಸಣ್ಣದು, ಕೊಟ್ಟಿಗೆಗೆ ಇನ್ನೂ ಸಣ್ಣದು. ಬಚ್ಚಲಿಗೆ? "ಬಚ್ಚಲಲ್ಲಿ ನೋಡಲಿಕ್ಕೆ ಎಂತ ಉಂಟು?" ಎಂದು ಭಾವ. ಹಾಸುಗಲ್ಲಿನ ಮೇಲೆ ಪಾಚಿ ಉಂಟು, ಹಂಡೆಯ ಹಿಂದೆ ಕಟ್ಟಿಗೆ ಉಂಟು, ಕಟ್ಟಿಗೆಯ ಸಂದಿಯಲ್ಲಿ ಮಳೆಗಾಲಕ್ಕೆಂದೇ ವಸತಿ ಹೂಡಿದ ಚೇಳು ಉಂಟು. ಬಚ್ಚಲ ಒಲೆಗೆ ಬೆಂಕಿ ಹಾಕದವರಿಗೆ ಇದೆಲ್ಲ ಕಾಣಿಸುವುದಿಲ್ಲ, ದೀಪ ಎಷ್ಟೇ ದೊಡ್ಡದಿರಲಿ.

ಇರಲಿ, ಲೆಕ್ಕಕ್ಕೆ ಬರೋಣ. ಲೆಕ್ಕದಲ್ಲಿ ನಮ್ಮ ಅತ್ತೆಯವರನ್ನು ಹಿಂದೆ ಹಾಕುವವರಿಲ್ಲ. ರೇಷನ್ ಸೀಮೆಎಣ್ಣೆಯಲ್ಲಿ ತಿಂಗಳು ದೂಡಿದ ಕೈ ಅದು. "ಪ್ಯಾನೆಲ್ 40 ವಾಟು, ಬ್ಯಾಟರಿ 40 ಆಂಪಿಯರ್ ಅವರ್" ಎಂದು ಭಾವ ಎದೆಯುಬ್ಬಿಸಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ: "ಅದೆಲ್ಲ ಇರಲಿ, ಆಷಾಢದಲ್ಲಿ ದಿನಕ್ಕೆಷ್ಟು?"

ಸೋಲಾರಿನ ಅರ್ಧ ವಿದ್ಯೆ ಆ ಪ್ರಶ್ನೆಯಲ್ಲೇ ಇದೆ. ಬೇಸಿಗೆಯಲ್ಲಿ ಒಂದು ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ನೆತ್ತಿ ಸುಡುವ ಪೂರಾ ಬಿಸಿಲು ಸುಮಾರು 5 ತಾಸಿನಷ್ಟು ಆದೀತು. 40 ವಾಟಿನ ಪ್ಯಾನೆಲ್ ಅಷ್ಟಕ್ಕೆ 200 ವಾಟ್-ಅವರ್ ಹುಟ್ಟಿಸುತ್ತದೆ. ಪ್ಯಾನೆಲ್ ಕಾದದ್ದಕ್ಕೆ ಒಂದಿಷ್ಟು, ತಂತಿಗೆ ಒಂದಿಷ್ಟು, ಬ್ಯಾಟರಿ ಒಳಗೆ ಹೋಗಿ ಹೊರಬರುವುದಕ್ಕೆ ಒಂದಿಷ್ಟು ಸುಂಕ ಕಟ್ಟಿ ಕೈಗೆ ಸಿಗುವುದು 130. ಜುಲೈ ತಿಂಗಳಲ್ಲಿ? ಮೋಡದ ಅಡಿಯಿಂದ ಸೋಸಿ ಬಂದ ಬೆಳಕೆಲ್ಲ ಸೇರಿ ಪೂರಾ ಬಿಸಿಲಿನ ಲೆಕ್ಕದಲ್ಲಿ ಒಂದೂವರೆ ಎರಡು ತಾಸು. ಕೈಗೆ 50 ವಾಟ್-ಅವರ್ ಸಿಕ್ಕರೆ ಆ ದಿನ ಒಳ್ಳೆಯ ದಿನ. ಜಡಿಮಳೆ ಹಿಡಿದ ವಾರದಲ್ಲಿ ಅದೂ ಇಲ್ಲ. ಅಂಗಡಿಯವ ಬೇಸಿಗೆಯ ಲೆಕ್ಕ ಹೇಳಿ ಮಾರುತ್ತಾನೆ, ನಾವು ಮಳೆಗಾಲದ ಲೆಕ್ಕದಲ್ಲಿ ಬಾಳ್ವೆ ಮಾಡಬೇಕು.

ಈಗ ಈ ಐವತ್ತನ್ನು ಹೇಗೆ ಖರ್ಚು ಮಾಡುತ್ತೀರಿ, ನೋಡೋಣ. ಹಳೆಯ 60 ವಾಟಿನ ಬುರುಡೆ ಬಲ್ಬು ಹಾಕಿದರೆ 50 ನಿಮಿಷಕ್ಕೆ ಸಮಾಪ್ತಿ. ಸಂಜೆ ದೇವರಿಗೆ ದೀಪ ಹಚ್ಚಿ, ಭಜನೆ ಮುಗಿಯುವಷ್ಟರಲ್ಲಿ ಮಂಗಳ. ಅದರಲ್ಲೂ ಬಲ್ಬಿಗೆ ಹೋದ ಕರೆಂಟಿನ ನೂರರಲ್ಲಿ ಐದು ಪಾಲು ಬೆಳಕಾದರೆ ಹೆಚ್ಚು. ಉಳಿದದ್ದೆಲ್ಲ ಬಿಸಿ. 11 ವಾಟಿನ ಸಿಎಫ್‌ಎಲ್ ಆದರೆ ಒಂದು ದೀಪ ನಾಲ್ಕೂವರೆ ತಾಸು ಉರಿದೀತು, ಒಂದೇ ದೀಪ. 3 ವಾಟಿನ ಎಲ್‌ಇಡಿ ಹಾಕಿ, ನಾಲ್ಕು ಕೋಣೆಯಲ್ಲಿ ನಾಲ್ಕು ದೀಪ ನಾಲ್ಕು ತಾಸು ಉರಿದು 48ರಲ್ಲಿ ಸಂಸಾರ ಮುಗಿಯುತ್ತದೆ. ಇನ್ನೂ ಎರಡು ಉಳಿತಾಯ. ಈ ಲೆಕ್ಕ ಕೇಳಿದ ಮೇಲೆ ಅತ್ತೆ ಭಾವನ ಕಡೆ ನೋಡಿದ ನೋಟದಲ್ಲಿ ಎಷ್ಟು ವಾಟು ಇತ್ತೋ, ಅಳೆಯುವ ಮೀಟರು ನಮ್ಮಲ್ಲಿಲ್ಲ.

ಭಾವ ಅಷ್ಟಕ್ಕೆ ಬಿಡುವವರೇ? "3 ವಾಟು ಅಂದರೆ ಮಿಣುಕುಹುಳ. ಅದರಲ್ಲಿ ಎಂತ ಕಾಣ್ತದೆ?" ಎಂದರು. ಪಾಪ, ಅವರೊಬ್ಬರದೇ ತಪ್ಪಲ್ಲ. ಒಂದಿಡೀ ತಲೆಮಾರು ಬೆಳಕನ್ನು ವಾಟಿನಲ್ಲಿ ಅಳೆದುಕೊಂಡು ಬೆಳೆದಿದೆ. ವಾಟು ಎಂದರೆ ದೀಪ ತಿನ್ನುವುದು, ಲೂಮೆನ್ ಎಂದರೆ ದೀಪ ಕೊಡುವುದು. ತಿನ್ನುವುದನ್ನು ನೋಡಿ ಆಳಿನ ಕೆಲಸ ಅಳೆದರೆ ತೋಟ ನಡೆದಂತೆಯೇ. ಬುರುಡೆ ಬಲ್ಬು ಒಂದು ವಾಟಿಗೆ 12 ಲೂಮೆನ್ ಆಸುಪಾಸು ಕೊಟ್ಟರೆ, ಸಿಎಫ್‌ಎಲ್ 55ರ ಹತ್ತಿರ, ಒಳ್ಳೆಯ ಎಲ್‌ಇಡಿ 100 ದಾಟುತ್ತದೆ. ಆ ನಾಲ್ಕು ಮಿಣುಕುಹುಳಗಳು ಸೇರಿ 1200 ಲೂಮೆನ್. ಭಾವ ಮೆಚ್ಚುವ 60 ವಾಟಿನ ಬಲ್ಬಿನದು 700 ಚಿಲ್ಲರೆ. ಡಬ್ಬಿಯ ಮೇಲೆ ಲೂಮೆನ್ ಎಷ್ಟೆಂದು ಬರೆದಿರುತ್ತದೆ, ಅದನ್ನು ವಾಟಿನಿಂದ ಭಾಗಿಸಿ ನೋಡಿ. 90ಕ್ಕಿಂತ ಕಡಿಮೆ ಬಂದರೆ ಡಬ್ಬಿಯನ್ನು ಅಲ್ಲೇ ಇಟ್ಟುಬಿಡಿ. ಲೂಮೆನ್ನೇ ಬರೆಯದೆ ಬರೇ "ಸೂಪರ್ ಬ್ರೈಟ್" ಎಂದು ಬರೆದಿದ್ದರೆ ಮುಟ್ಟಲೂ ಬೇಡಿ.

ಲೂಮೆನ್ನಿನ ಮಾತು ಬಂದಾಗೆಲ್ಲ ಜಗುಲಿಯಲ್ಲಿ ಒಂದು ಪ್ರವರ ಕಡ್ಡಾಯ: "ನಾವೆಲ್ಲ ಚಿಮಣಿ ಬುಡ್ಡಿಯಲ್ಲಿ ಓದಿದವರು!" ಚಿಮಣಿ ಬುಡ್ಡಿಯ ಬೆಳಕು ಸುಮಾರು 10 ಲೂಮೆನ್, ಲಾಟೀನಿನದು 50ರ ಹತ್ತಿರ. ಅಷ್ಟರಲ್ಲಿ ಓದಿದ್ದು ದೊಡ್ಡದೇ, ಒಪ್ಪಿದೆ. ಓದಿ ಎಷ್ಟು ಮಾರ್ಕು ತೆಗೆದಿರಿ ಎಂದು ಮಾತ್ರ ಕೇಳಬಾರದು. ಕೇಳಿದರೆ ತಕ್ಷಣ ಯಾರಿಗಾದರೂ ತೋಟಕ್ಕೆ ನೀರು ಬಿಡುವುದು ನೆನಪಾಗುತ್ತದೆ, ಶ್ರಾವಣ ಮಾಸದಲ್ಲೂ.

ಎಲ್‌ಇಡಿ ಇಷ್ಟು ಸುಲಭಕ್ಕೆ ನಮ್ಮ ಮಾಡಿನಡಿಗೆ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೋನ್ಯಾಕ್ ಮಾಡಿದ್ದು 1962ರಲ್ಲಿ. ಆಮೇಲೆ ಹಸಿರು ಬಂತು. ನೀಲಿ ಮಾತ್ರ ಮೂವತ್ತು ವರ್ಷ ಆಟ ಆಡಿಸಿತು. ಜಪಾನಿನ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ಹಟ ಹಿಡಿದು ಅದನ್ನು ಬೆಳಗಿಸಿದರು, 2014ರ ಭೌತಶಾಸ್ತ್ರದ ನೊಬೆಲ್ ಪಡೆದರು. ನಕಮುರ ಅವರಿಗೆ ಅವರ ಕಂಪನಿ ಈ ಶೋಧಕ್ಕೆ ಕೊಟ್ಟ ಬೋನಸ್ 20,000 ಯೆನ್. ಅವರು ಕೋರ್ಟಿಗೆ ಹೋದರು, 2005ರಲ್ಲಿ 84 ಕೋಟಿ ಯೆನ್ನಿಗೆ ರಾಜಿಯಾಯಿತು. ಅಡಿಕೆ ಸುಲಿದವರ ಕೂಲಿಯಲ್ಲಿ ಡಬ್ಬಕ್ಕೆ ಎಂಟಾಣೆ ಚೌಕಾಸಿ ಮಾಡುವವರು ಈ ಸುದ್ದಿಯನ್ನು ಒಮ್ಮೆ ಓದುವುದು ಒಳ್ಳೆಯದು.

ನೀಲಿಗೆ ಯಾಕಿಷ್ಟು ಬೆಲೆ ಎಂದರೆ, ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪ ಹಚ್ಚಿದಾಗಲೇ ಮನೆಗೆ ಬೇಕಾದ ಬಿಳಿ ಬೆಳಕು ಹುಟ್ಟುವುದು. ಲೇಪ ತೆಳುವಾದರೆ ನೀಲಿ ಮಿಶ್ರಿತ ಬಿಳಿ, ದಪ್ಪವಾಗಿ ಕೆಂಪಿನ ಪಾಲೂ ಸೇರಿದರೆ ಬುರುಡೆ ಬಲ್ಬಿನ ಹಳದಿ. ಡಬ್ಬಿಯ ಮೇಲೆ 6500ಕೆ ಎಂದಿದ್ದರೆ ಅದು ಆ ಕಣ್ಣು ಕುಕ್ಕುವ ಬಿಳಿ, 2700ಕೆ ಅಥವಾ 3000ಕೆ ಎಂದಿದ್ದರೆ ಹಳದಿ. ಭಾವ ಆರಿಸಿದ್ದು 6500. "ಪೇಟೆಯ ಬಟ್ಟೆ ಅಂಗಡಿ ಹಾಗೆ ಬೆಳಗಬೇಕು." ಅದೇ ವಾಟಿಗೆ ಬಿಳಿ ದೀಪ ಒಂದಿಷ್ಟು ಲೂಮೆನ್ ಹೆಚ್ಚು ಕೊಡುತ್ತದೆ ಎಂಬ ಸತ್ಯವೂ ಅವರ ಕಡೆಗಿತ್ತು. ಆದರೆ ಬಟ್ಟೆ ಅಂಗಡಿಗೆ ಇಲ್ಲದ ಗಿರಾಕಿಗಳು ನಮ್ಮ ಜಗುಲಿಗೆ ಇದ್ದಾರೆ.

ಮೊದಲ ಮಳೆ ಬಿದ್ದ ಸಂಜೆ ನೋಡಬೇಕು. ಅಂಗಳದ ಹುತ್ತದಿಂದ ರೆಕ್ಕೆ ಗೆದ್ದಲು ಹೊಗೆ ಎದ್ದಂತೆ ಎದ್ದು ಬರುತ್ತವೆ. ನೀಲಿ ಜಾಸ್ತಿ ಇರುವ ಬೆಳಕೆಂದರೆ ಹುಳುಗಳಿಗೆ ಪ್ರಾಣ. ಐದು ನಿಮಿಷದಲ್ಲಿ ದೀಪದ ಸುತ್ತ ಒಂದು ಜಾತ್ರೆ, ಹತ್ತು ನಿಮಿಷದಲ್ಲಿ ನೆಲವೆಲ್ಲ ರೆಕ್ಕೆ, ಇಸ್ಪೀಟಿನ ಎಲೆಗಳ ಮೇಲೆ ರೆಕ್ಕೆ ಕಳಚಿದ ಹುಳಗಳ ಮೆರವಣಿಗೆ. ಹುಳದ ಹಿಂದೆ ಹಲ್ಲಿ, ಹಲ್ಲಿಯ ಕೆಳಗೆ ಕಪ್ಪೆ, ಕಪ್ಪೆಯ ವಾಸನೆಗೆ ಇನ್ಯಾರು ಬರುತ್ತಾರೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಊಟಕ್ಕೆ ಕೂತರೆ ಸಾರಿನಲ್ಲಿ ತೇಲುವುದು ಒಗ್ಗರಣೆಯ ಸಾಸಿವೆಯೋ ಮತ್ತೊಂದೋ ಎಂದು ಬೆರಳಲ್ಲಿ ಒತ್ತಿ ನೋಡಬೇಕು. ಕಡೆಗೆ ಎಲ್ಲ ದೀಪ ಆರಿಸಿ, ಅಂಗಳದ ತುದಿಯಲ್ಲಿ ಒಂದನ್ನು ಮಾತ್ರ ಉರಿಸಿ, ಅದರ ಕೆಳಗೆ ಬೋಗುಣಿಯಲ್ಲಿ ನೀರಿಟ್ಟು, ಮನೆಮಂದಿಯೆಲ್ಲ ಕತ್ತಲಲ್ಲಿ ಉಣ್ಣಬೇಕು. ಸಾಲ ಮಾಡಿ ಸೋಲಾರ್ ಹಾಕಿಸಿ ಕತ್ತಲಲ್ಲಿ ಉಣ್ಣುವ ಯೋಗ! ಹಳದಿ ದೀಪಕ್ಕೆ ಹುಳ ಬರುವುದೇ ಇಲ್ಲ ಎಂದಲ್ಲ, ಆದರೆ ಬಂದವನ್ನು ಎಣಿಸಬಹುದು. ಜಗುಲಿಗೂ ಊಟದ ಮನೆಗೂ ಹಳದಿಯೇ ಸರಿ. ಲೂಮೆನ್ ನಾಲ್ಕು ಕಡಿಮೆಯಾದರೆ ಆಗಲಿ.

ಬೆಳಕಿನ ಇನ್ನೊಂದು ಗುಣ ಇದೆ, ಅಂಗಡಿಯಲ್ಲಿ ಯಾರೂ ಹೇಳದ್ದು. ಕೆಲವು ಅಗ್ಗದ ಎಲ್‌ಇಡಿಗಳ ಕೆಳಗೆ ಎಲ್ಲವೂ ಬೂದಿ ಬಳಿದವರ ಬಣ್ಣಕ್ಕೆ ತಿರುಗುತ್ತದೆ. ಕುಂಕುಮ ಕಂದಾಗುತ್ತದೆ, ಹಸಿರು ಸೀರೆಯೂ ನೀಲಿ ಸೀರೆಯೂ ಅಕ್ಕತಂಗಿಯರಾಗುತ್ತವೆ. ಡಬ್ಬಿಯ ಮೇಲೆ ಸಿಆರ್‌ಐ ಎಂದು ಒಂದು ಸಂಖ್ಯೆ ಇದ್ದರೆ ನೋಡಿ, 80ರ ಮೇಲಿರಲಿ. ಸೀರೆ ಹೇಗೂ ಹಗಲಲ್ಲಿ ನೋಡಿಕೊಳ್ಳಬಹುದು. ಅಡಿಕೆ ವಿಂಗಡಿಸುವಾಗ ಹಾಗಲ್ಲ. ರಾಶಿ ಯಾವುದು, ಬೆಟ್ಟೆ ಯಾವುದು, ಕೆಂಪುಗೋಟು ಯಾವುದು ಎಂದು ರಾತ್ರಿ ಆರಿಸಿ ಚೀಲ ತುಂಬಿದ್ದು ಬೆಳಿಗ್ಗೆ ವಖಾರಿಯಲ್ಲಿ ಬೇರೆಯೇ ಬಣ್ಣ ತೋರಿಸಿದರೆ ದರವೂ ಬೇರೆಯೇ ಆಗುತ್ತದೆ.

ಅಡಿಕೆಯ ಮಾತು ಬಂತಲ್ಲ, ಸುಲಿಯುವ ಕಾಲಕ್ಕೆ ಬನ್ನಿ. ಕೊಯ್ಲು ಶುರುವಾಯಿತೆಂದರೆ ರಾತ್ರಿ ಊಟದ ಮೇಲೂ ಮೆಟ್ಟುಗತ್ತಿಯ ಸಾಲು. ಒಂದು ಕಾಲು ಮಣೆಯ ಮೇಲೆ, ಎರಡೂ ಕೈಯಲ್ಲಿ ಹಸಿ ಅಡಿಕೆ, ಕತ್ತಿಯ ಬಾಯಿಗೂ ಹೆಬ್ಬೆರಳಿಗೂ ನಡುವೆ ಒಂದು ಸಿಪ್ಪೆಯ ಅಂತರ. ಬಾಯಲ್ಲಿ ಊರ ಸುದ್ದಿ, ಕಣ್ಣು ಕತ್ತಿಯ ಮೇಲೆ. ಈ ಕೆಲಸಕ್ಕೆ ದೀಪ ಎಲ್ಲಿತ್ತೆಂದರೆ ಹತ್ತಡಿ ಮೇಲೆ, ಮಾಡಿನ ತೊಲೆಗೆ, ಎಲ್ಲರ ಬೆನ್ನ ಹಿಂದೆ! ಪ್ರತಿಯೊಬ್ಬರೂ ತಮ್ಮ ತಲೆಯ ನೆರಳನ್ನೇ ಸುಲಿಯುತ್ತ ಕೂತಿದ್ದರು. "ಬೆಳಕು ಸಾಲದು, 9 ವಾಟಿನದು ತರಬೇಕು" ಎಂದು ಭಾವ. ನಮ್ಮ ಮನೆಯವರು ಮಾತಾಡದೆ ಎದ್ದು, ಒಂದು ಅಡಿಕೆ ದಬ್ಬೆಯನ್ನು ಅಡ್ಡ ಕಟ್ಟಿ, ಅದೇ 3 ವಾಟಿನ ದೀಪವನ್ನು ಕೈಗಳಿಂದ ಐದಡಿ ಎತ್ತರಕ್ಕೆ, ಕೂತವರ ಎದುರಿಗೆ ಇಳಿಬಿಟ್ಟರು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಹೈಸ್ಕೂಲಿನ ಭೌತಶಾಸ್ತ್ರ, ಚಿಮಣಿ ಬುಡ್ಡಿಯಲ್ಲಿ ಓದಿದವರಿಗೂ ಪಾಠ ಆಗಿದ್ದದ್ದೇ. ಕಣ್ಣಿಗೆ ನೇರ ಹೊಡೆಯದಿರಲೆಂದು ಅತ್ತೆ ಅದಕ್ಕೊಂದು ಹಾಳೆಯ ಮರೆ ಕಟ್ಟಿದರು. ಪೇಟೆಯಲ್ಲಿ ಇದನ್ನೇ ಲ್ಯಾಂಪ್‌ಶೇಡ್ ಎಂದು ಕರೆದು ಸಾವಿರ ರೂಪಾಯಿಗೆ ಮಾರುತ್ತಾರೆ.

ಅಡಿಗೆಮನೆಯ ಕಥೆಯೂ ಇದೇ. ಕೋಣೆಯ ನಟ್ಟನಡುವೆ ದೀಪ ಕೂರಿಸಿದರೆ ನೋಡಲಿಕ್ಕೆ ಚಂದ, ಒಲೆ ಮುಂದೆ ನಿಂತವಳ ನೆರಳು ಮಾತ್ರ ನೆಟ್ಟಗೆ ಪಾತ್ರೆಯೊಳಗೆ. ಉಪ್ಪು ಹಾಕಿದ್ದು ಸಾರಿಗೋ ಪಾಯಸಕ್ಕೋ ಎಂಬುದು ಉಂಡ ಮೇಲೆ ತಿಳಿಯಬೇಕು. ದೀಪ ಒಲೆಯ ಪಕ್ಕದ ಗೋಡೆಗೆ, ಹಬೆ ತಾಗದಷ್ಟು ದೂರದಲ್ಲಿ ಇರಲಿ. 3 ವಾಟೇ ಧಾರಾಳ. ಬಚ್ಚಲಿಗೆ 1 ವಾಟು, ಕೊಟ್ಟಿಗೆಗೆ ಒಂದೋ ಎರಡೋ. ಗೋಡೆಯಲ್ಲಿ ಕಿಂಡಿ ಇದ್ದರೆ ಅಲ್ಲಿಟ್ಟ ಒಂದೇ ದೀಪ ಎರಡು ಕೋಣೆ ನೋಡಿಕೊಳ್ಳುತ್ತದೆ. ಹಿರಿಯರು ಬುಡ್ಡಿ ದೀಪಕ್ಕೆಂದು ಮಾಡಿಟ್ಟ ಗೂಡು, ಕಿಂಡಿಗಳನ್ನು ಸಿಮೆಂಟು ಬಳಿದು ಮುಚ್ಚಿಸಿದ್ದು ಯಾರೆಂದು ನಾನು ಹೇಳುವುದಿಲ್ಲ, ಜಗುಲಿಯಲ್ಲಿ ಕೂತಿದ್ದಾರೆ.

ಮತ್ತೆ ಗೋಡೆ! ನಮ್ಮ ಅಡಿಗೆಮನೆಯ ಗೋಡೆಗೆ ತಲೆಮಾರುಗಳ ಹೊಗೆ ಹಿಡಿದು ಮಿರಿಮಿರಿ ಕಪ್ಪು. ಕಪ್ಪು ಗೋಡೆ ಬಿದ್ದ ಬೆಳಕನ್ನೆಲ್ಲ ನುಂಗಿ ಕೂರುತ್ತದೆ, ಸುಣ್ಣ ಬಳಿದ ಗೋಡೆ ಮುಕ್ಕಾಲು ಪಾಲನ್ನು ಕೋಣೆಗೆ ವಾಪಸು ಕೊಡುತ್ತದೆ. ಹಾಗಾಗಿ ಅಡಿಗೆಮನೆಗೆ ಇನ್ನೊಂದು ದೀಪ ಕೇಳುವ ಮೊದಲು ಸುಣ್ಣ ಬಳಿಸೋಣ ಎಂದೆ. "ಸುಣ್ಣ ಬಳಿಯೋದು ಸೋಲಾರ್ ಸಬ್ಸಿಡಿಯಲ್ಲಿ ಬರ್ತದಾ?" ಎಂದು ಭಾವ ಕೇಳಿದರು. ಬರುವುದಿಲ್ಲ, ಅದಕ್ಕೇ ಅದು ಇಷ್ಟು ಅಗ್ಗ.

ಇನ್ವರ್ಟರ್ ಬಗ್ಗೆ ನನಗೆ ಸ್ವಲ್ಪ ವೈರವಿದೆ, ಮುಚ್ಚಿಡುವುದಿಲ್ಲ. ಬ್ಯಾಟರಿಯಲ್ಲಿರುವುದು 12 ವೋಲ್ಟಿನ ಡಿಸಿ. ಅದನ್ನು 230 ವೋಲ್ಟಿನ ಎಸಿ ಮಾಡುವುದು ಇನ್ವರ್ಟರ್. ಆಮೇಲೆ ಆ ಎಸಿಯನ್ನು ಎಲ್‌ಇಡಿ ಬಲ್ಬಿನ ಹೊಟ್ಟೆಯೊಳಗೆ ಮತ್ತೆ ಡಿಸಿ ಮಾಡಿಕೊಳ್ಳಬೇಕು. ಎರಡೂ ಕಡೆ ಸುಂಕ. ಅದಕ್ಕಿಂತ ಹೆಚ್ಚಾಗಿ, ಒಂದು ದೀಪವೂ ಉರಿಯದಿದ್ದರೂ ಸಣ್ಣ ಇನ್ವರ್ಟರು ಸುಮ್ಮನೆ ಆನ್ ಆಗಿ ಕೂತದ್ದಕ್ಕೇ 10 ವಾಟ್ ಆಸುಪಾಸು ತಿನ್ನಬಹುದು. ದಿನಕ್ಕೆ 24 ತಾಸು ಎಂದರೆ 240 ವಾಟ್-ಅವರ್. ನಮ್ಮ ಬ್ಯಾಟರಿಯಲ್ಲಿ ತುಂಬಿರುವುದೇ 480, ಸೀಸದ ಬ್ಯಾಟರಿ ನಾಲ್ಕು ಕಾಲ ಬಾಳಬೇಕೆಂದರೆ ಅದರ ಅರ್ಧ ಮಾತ್ರ ಬಳಸಬೇಕು. ಅಂದರೆ ಐದು ದಿನ ಸೂರ್ಯನೇ ಮೂಡದಿದ್ದರೂ ನಾಲ್ಕು ಎಲ್‌ಇಡಿ ದೀಪ ಉರಿಸಬಹುದಾಗಿದ್ದ ಗಂಟನ್ನು ಇನ್ವರ್ಟರು ಒಂದೇ ದಿನದಲ್ಲಿ, ಯಾರಿಗೂ ಉಪಕಾರ ಮಾಡದೆ, ಹಸಿರು ದೀಪ ಮಿಣುಗಿಸುತ್ತ ಕರಗಿಸುತ್ತದೆ.

ನೇರ 12 ವೋಲ್ಟಿನ ದೀಪಗಳೇ ಸರಿ ಎಂದರೆ ಅದಕ್ಕೂ ತಾಪತ್ರಯ ಇಲ್ಲದಿಲ್ಲ. 2015ರಲ್ಲಿ ಸರ್ಕಾರದ ಉಜಾಲಾ ಯೋಜನೆ ಬಂದ ಮೇಲೆ ಎಲ್‌ಇಡಿ ಬಲ್ಬಿನ ದರ ಇಳಿದು ಕಿರಾಣಿ ಅಂಗಡಿಯಲ್ಲೂ ಸಿಗತೊಡಗಿತು, ನಿಜ. ಆದರೆ ಅವೆಲ್ಲ 230 ವೋಲ್ಟಿನವು. 12 ವೋಲ್ಟಿನದು ಬೇಕೆಂದರೆ ಸೋಲಾರ್ ಅಂಗಡಿಗೇ ಹೋಗಬೇಕು, ಅಲ್ಲಿ ದರ ಜಾಸ್ತಿ. ಎರಡರದ್ದೂ ಒಂದೇ ಆಕಾರ, ಒಂದೇ ಹೋಲ್ಡರು. ಕರೆಂಟೂ ಸೋಲಾರೂ ಎರಡೂ ಇರುವ ಮನೆಯಲ್ಲಿ ಮಾವಯ್ಯನಂಥವರು ಒಬ್ಬರಿದ್ದರೆ ಮುಗಿಯಿತು. ನಮ್ಮ ಮಾವಯ್ಯ ಸೋಲಾರಿನ ಬಲ್ಬನ್ನು ಕರೆಂಟಿನ ಹೋಲ್ಡರಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದರು. 'ಟಪ್' ಎಂದಿತು. "ಈಗಿನ ಸಾಮಾನೆಲ್ಲ ಇಷ್ಟೇ" ಎಂದು ಹೇಳಿ ಕವಳ ಹಾಕಿಕೊಂಡರು. ಆಮೇಲೆ ಸೋಲಾರಿನ ಹೋಲ್ಡರಿಗೆಲ್ಲ ಕೆಂಪು ಬಣ್ಣ ಬಳಿದೆವು.

12 ವೋಲ್ಟು ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಬ್ಯಾಟರಿ ಬಸವಳಿದಾಗ 11ರ ಹತ್ತಿರ ಇರುತ್ತದೆ, ಬಿಸಿಲಲ್ಲಿ ಚಾರ್ಜ್ ಆಗುವಾಗ 14 ದಾಟುತ್ತದೆ. ಒಳ್ಳೆಯ ದೀಪದೊಳಗೆ ಕರೆಂಟನ್ನು ಹದದಲ್ಲಿಡುವ ಡ್ರೈವರ್ ಇರುತ್ತದೆ, ಬೆಳಕು ಏರುಪೇರಾಗುವುದಿಲ್ಲ. ಅಗ್ಗದ್ದರಲ್ಲಿ ಬರೇ ಒಂದು ರೆಸಿಸ್ಟರು. ಸಂಜೆ ಪ್ರಖರ, ರಾತ್ರಿ ಮಂಕು, ಒಂದು ವರ್ಷದಲ್ಲಿ ಹಣೆ ಕಪ್ಪಾಗಿ ವೈಕುಂಠ. ಎಲ್‌ಇಡಿಯ ಶತ್ರು ಬಿಸಿ. ಅಂಗಡಿಯಲ್ಲೇ ಅರ್ಧ ತಾಸು ಉರಿಸಿ ಬೆನ್ನು ಮುಟ್ಟಿ ನೋಡಿ. ಅಂಗಡಿಯವ ಮುಖ ಗಂಟಿಕ್ಕುತ್ತಾನೆ, ಗಂಟಿಕ್ಕಲಿ. ಅವನು ನಮ್ಮ ಮನೆಯಲ್ಲಿ ಕೂತು ಚಾ ಕುಡಿದಾಗ ನಾವೇನೂ ಗಡಿಯಾರ ನೋಡಿರಲಿಲ್ಲವಲ್ಲ.

ತಂತಿಯದ್ದೂ ಒಂದು ಮಾತು. 12 ವೋಲ್ಟಿನಲ್ಲಿ 12 ವಾಟಿನ ದೀಪ ಉರಿಸಿದರೆ ತಂತಿಯಲ್ಲಿ ಒಂದು ಆಂಪಿಯರ್ ಹರಿಯುತ್ತದೆ. ಮನೆಯಿಂದ 30 ಮೀಟರ್ ದೂರದ ಕೊಟ್ಟಿಗೆಗೆ ಹೋಗಿ ಬರಲು 60 ಮೀಟರ್ ತಾಮ್ರದ ತಂತಿ, 1 ಚದರ ಮಿಲಿಮೀಟರಿನದು. ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತದೆ. ಅದೇ 3 ವಾಟಿನ ದೀಪವಾದರೆ ಸೋರುವುದು ಅದರ ಕಾಲು ಭಾಗ, ಚಿಂತೆಯಿಲ್ಲ. ದೀಪ ಸಣ್ಣದಾದಷ್ಟೂ ತಂತಿಯ ಖರ್ಚೂ ಸಣ್ಣದು. ಇದನ್ನು ಕೇಳಿ ಅತ್ತೆಗೆ ಆದಷ್ಟು ಸಂತೋಷ ಮೊಮ್ಮಗ ಹುಟ್ಟಿದಾಗಲೂ ಆಗಿರಲಿಲ್ಲ ಅಂತ ನನ್ನ ಅಂದಾಜು.

ದೇವರ ಕೋಣೆಯ ವಿಷಯ ಸೂಕ್ಷ್ಮದ್ದು, ಆದರೂ ಹೇಳುತ್ತೇನೆ. ಅಲ್ಲಿ ಇಡೀ ರಾತ್ರಿ ಒಂದು ಕೆಂಪು ಝೀರೋ ಬಲ್ಬು ಉರಿಯುತ್ತಿತ್ತು, ಇನ್ವರ್ಟರಿನ ಮೇಲೆ. ಹೆಸರಿಗೆ ಝೀರೋ, ತಿನ್ನುವುದು 15 ವಾಟಿನ ಹತ್ತಿರ. ರಾತ್ರಿ 10 ತಾಸಿಗೆ 150 ವಾಟ್-ಅವರ್, ಎಂದರೆ ಜುಲೈ ತಿಂಗಳ ಮೂರು ದಿನದ ಗಳಿಕೆ ಒಂದು ರಾತ್ರಿಯ ನೈವೇದ್ಯ. ಮಾವಯ್ಯನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ಅರ್ಧ ವಾಟಿನ ಕೆಂಪು ಎಲ್‌ಇಡಿ ತಂದು ಸದ್ದಿಲ್ಲದೆ ಬದಲಾಯಿಸಿದೆವು. ಮಾವಯ್ಯ ಮರುದಿನ ಪೂಜೆ ಮುಗಿಸಿ ಬಂದು, "ಇವತ್ತು ದೇವರ ಮುಖದಲ್ಲಿ ಎಂಥದೋ ಕಳೆ" ಎಂದರು.

ಪ್ಯಾನೆಲ್ ಮೇಲೆ ಅಡಿಕೆ ಹೆಡೆಯ ನೆರಳು ಬೀಳಬಾರದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬಾವಿ ನೀರು ಹಾಕಬಾರದು. ಇವೆಲ್ಲ ಎಲ್ಲರಿಗೂ ಗೊತ್ತಿದ್ದು ಯಾರೂ ಮಾಡದ ಸಂಗತಿಗಳು, ಬಿಡಿ. ಮನೆಯ ಹಿಂದೆ ಹಳ್ಳ ಇರುವ ಪುಣ್ಯವಂತರು ಮಾತ್ರ ನಮ್ಮನ್ನು ನೋಡಿ ನಗಬಹುದು. ಸೂರ್ಯ ಕೈಕೊಡುವ ಆಷಾಢದಲ್ಲೇ ಹಳ್ಳ ತುಂಬುತ್ತದೆ, ಪೈಪು ಎಳೆದು ಸಣ್ಣ ಟರ್ಬೈನು ತಿರುಗಿಸಿಕೊಂಡ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಅಂಥ ಮನೆಯಲ್ಲಿ ಮಳೆಗಾಲದ ರಾತ್ರಿ ಅಂಗಳದಲ್ಲೂ ದೀಪ. ಅವರ ಜಗುಲಿಯಲ್ಲಿ ಎಷ್ಟು ವಾಟು ಎಂದು ನಮ್ಮ ಭಾವ ವಿಚಾರಿಸಿಕೊಂಡು ಬಂದು ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

ಈಗ ನಮ್ಮಲ್ಲಿ ಜಗುಲಿಗೂ 3 ವಾಟು, ಹಳದಿ. ಭಾವ ಒಪ್ಪಿಕೊಂಡದ್ದು ಲೂಮೆನ್ನಿನ ಲೆಕ್ಕ ಕೇಳಿ ಅಲ್ಲ, ಗೆದ್ದಲು ಹುಳದ ಕಾಟಕ್ಕೆ ಇಸ್ಪೀಟಿನ ಜೊತೆಗಾರರು ಬೇರೆ ಮನೆಗೆ ಹೋಗತೊಡಗಿದ ಮೇಲೆ. ಒಪ್ಪಿದ ಮೇಲೆ ಮಾತ್ರ ವಾಟ್-ಅವರ್ ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಬಚ್ಚಲ ದೀಪ ಮರೆತು ಬಿಟ್ಟರೆ ಜಗುಲಿಯಿಂದಲೇ "ಒಂದು ತಾಸಾಯ್ತು, ಒಂದು ವಾಟ್-ಅವರ್!" ಎಂದು ಕೂಗುತ್ತಾರೆ.

ಮೊನ್ನೆ ಅತ್ತೆ ಮೆಲ್ಲಗೆ ವಿಷಯ ತೆಗೆದರು. "ಅಲ್ಲಾ ಮಾಣಿ, ಇಷ್ಟೆಲ್ಲ ಉಳೀತು ಅಂತೀಯಲ್ಲ, ಇದರಲ್ಲಿ ಮಿಕ್ಸಿ ನಡೀತದಾ? ದೋಸೆಗೆ ನೆನೆಹಾಕಿದೆ."

ಭಾವ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಬೆರಳು ಮಡಚಿ ಲೆಕ್ಕ ಹಾಕಿದರು. "ಮಿಕ್ಸಿ 500 ವಾಟು. ಹತ್ತು ನಿಮಿಷಕ್ಕೆ 83 ವಾಟ್-ಅವರ್. ಇನ್ವರ್ಟರ್ ಸುಂಕ ಬೇರೆ. ಎರಡು ದಿನದ ದೀಪ ಹೋಯ್ತಲ್ಲ ಆಯಿ! ಸುಮ್ಮನೆ ಎಂತಕ್ಕೆ? ಒರಳು ಇಲ್ವಾ?"

"ಇದ್ದು, ಇದ್ದು" ಎಂದು ಅತ್ತೆ ನೆನೆದ ಅಕ್ಕಿಯ ಪಾತ್ರೆಯನ್ನು ತಂದು ಭಾವನ ಮುಂದಿಟ್ಟರು. "ಒರಳಿಗೆ ಕರೆಂಟು ಬೇಡ, ಏಳು. ನಾಲ್ಕು ಜನ ಬಂದು ಹೋಗುವ ಜಾಗದಲ್ಲೇ ತಂದು ಕೊಡ್ಲಾ, ಹಿತ್ತಿಲಿಗೇ ಬತ್ಯಾ?"